ಮರಿಗಳ ಗರಿ ಕೀಳುವ ತಾಯಿಗೆ ಸೈಕಲ್ ಕಡ್ಡಿಯ ತಡೆ

16ನೇ ದಿನ ಬೆಳಿಗ್ಗೆ ಗೂಡಿನ ಮುಚ್ಚಳ ಎತ್ತಿದೆ. ದೊಡ್ಡ ಮರಿಯ ಕತ್ತಿನ ಹಿಂಭಾಗ, ಬೆನ್ನು ಎರಡೂ ಬೋಳು. ಹಿಂದಿನ ಸಂಜೆ ಅಲ್ಲಿ ಮುಳ್ಳುಗರಿ, ಅಂದರೆ ಇನ್ನೂ ಅರಳದ ಎಳೆಗರಿ, ಸಾಲಾಗಿ ಎದ್ದಿದ್ದನ್ನು ನಾನೇ ನೋಡಿದ್ದೆ. ಈಗ ಬರೀ ಕೆಂಪು ಚುಕ್ಕೆ. ಮೂಲೆಯಲ್ಲಿ ಹೊಟ್ಟಿನ ಮೇಲೆ ಏಳೆಂಟು ಎಳೆಗರಿ ಬಿದ್ದಿದ್ದವು. ಅವುಗಳ ಬುಡದಲ್ಲಿ ರಕ್ತ ಒಣಗಿತ್ತು.

ನಮ್ಮದು ಶಿವಮೊಗ್ಗ. ಮನೆಯಲ್ಲಿ ಒಂದು ಜೋಡಿ ಕಾಕಟೀಲ್ ಇವೆ, ಜುಟ್ಟಿರುವ ಪುಟ್ಟ ಗಿಳಿ ಜಾತಿಯವು. ಗಂಡು ಬೂದು ಬಣ್ಣದ್ದು, ಹೆಸರು ಮುತ್ತ. ಹೆಣ್ಣು ಬಿಳಿ ಹಳದಿಯ ಲುಟಿನೋ, ಅವಳು ಬೆಳ್ಳಿ. ಐದು ಮೊಟ್ಟೆಯಲ್ಲಿ ನಾಲ್ಕು ಒಡೆದವು. ಕಾಕಟೀಲ್ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತದೆ. ಹಾಗಾಗಿ ಮರಿಗಳಿಗೂ ಎರಡೆರಡು ದಿನದ ಅಂತರ ಇರುತ್ತದೆ. ದೊಡ್ಡದಕ್ಕೆ 16 ದಿನ ಆದಾಗ ಚಿಕ್ಕದಕ್ಕೆ 10 ದಿನ, ಆಗಷ್ಟೇ ಕಣ್ಣು ಬಿಟ್ಟಿತ್ತು. ಮುಂದೆ ನಾನು ಹೇಳುವ ದಿನದ ಲೆಕ್ಕವೆಲ್ಲ ದೊಡ್ಡ ಮರಿ ಹುಟ್ಟಿದ ದಿನದಿಂದ.

ಜುಲೈ ತಿಂಗಳು. ಹೊರಗೆ ಬಿಡದ ಮಳೆ. ಗೋಡೆಯೆಲ್ಲ ಥಂಡಿ ಹಿಡಿದಿತ್ತು. ಇಂಥ ಹೊತ್ತಲ್ಲಿ ಬೆನ್ನು ಬೋಳಾದ ಮರಿಗೆ ಮೊದಲ ಅಪಾಯ ಚಳಿ. ಎರಡನೆಯದು ರಕ್ತ. ಬೆಳೆಯುತ್ತಿರುವ ಗರಿಯ ಕೊಳವೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ರೆಕ್ಕೆಯ ದೊಡ್ಡ ಗರಿ ಮಧ್ಯಕ್ಕೆ ಮುರಿದರೆ ಸುಮ್ನೆ ನಿಲ್ಲುವುದಿಲ್ಲ. ಎರಡನೇ ಮರಿಗೆ ಆಗಿದ್ದು ಅದೇ. ರೆಕ್ಕೆಯ ಒಂದು ಗರಿ ಅರ್ಧಕ್ಕೆ ಮುರಿದು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯಿಂದ ಕಾರ್ನ್‌ಫ್ಲೋರ್ ತಂದು ಒತ್ತಿ ಹಿಡಿದೆ. ಮೂರು ನಿಮಿಷ ಬೇಕಾಯಿತು. 60 ಗ್ರಾಂ ತೂಗುವ ಜೀವಕ್ಕೆ ಒಂದೊಂದು ಹನಿಯೂ ದೊಡ್ಡದೇ ಅಲ್ವಾ? ಆ ಮೂರು ನಿಮಿಷ ನನ್ನ ಬೆರಳು ನಡುಗುತ್ತಲೇ ಇತ್ತು.

ಮೊದಲು ಇದು ನಿಜವಾಗಿಯೂ ಕಿತ್ತಿದ್ದೇ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಲುಟಿನೋ ಹಕ್ಕಿಗಳಿಗೆ ಜುಟ್ಟಿನ ಹಿಂದೆ ಹುಟ್ಟಿನಿಂದಲೇ ಒಂದು ಬೋಳು ಜಾಗ ಇರುವುದುಂಟು. ಅದು ವಂಶದಲ್ಲಿ ಬರುವಂಥದ್ದು. ಅಲ್ಲಿ ಚರ್ಮ ನುಣುಪಾಗಿರುತ್ತದೆ, ಚುಕ್ಕೆ ಇರುವುದಿಲ್ಲ, ಮುರಿದ ಬುಡ ಇರುವುದಿಲ್ಲ. ನಮ್ಮ ಮೂರನೇ ಮರಿ ಲುಟಿನೋ. ಅದರ ತಲೆ ಮೇಲಿದ್ದ ಬೋಳು ಅದೇ ಜಾತಿಯದು. ದೊಡ್ಡ ಮರಿಯ ಬೆನ್ನಿನ ಮೇಲೆ ಇದ್ದದ್ದು ಮಾತ್ರ ಬೇರೆ. ಹುಳ ಇರಬಹುದಾ ಅಂತ ರಾತ್ರಿ ಗೂಡಿನ ತಳಕ್ಕೆ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದೆ. ಕೆಂಪು ಉಣ್ಣೆ ಒಂದೂ ಕಾಣಲಿಲ್ಲ. ಮರಿಯನ್ನು ಪಶುವೈದ್ಯರಿಗೂ ತೋರಿಸಿದೆ. ಹಿಕ್ಕೆ ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದರು.

ಅಂದರೆ ಅಪ್ಪ ಅಮ್ಮನಲ್ಲಿ ಯಾರೋ ಒಬ್ಬರು.

ಹಕ್ಕಿ ಸಾಕುವವರು ಸಾಮಾನ್ಯವಾಗಿ ಗಂಡಿನ ಕಡೆ ಬೆರಳು ತೋರಿಸುತ್ತಾರೆ. ಗಂಡಿಗೆ ಮುಂದಿನ ಸಲದ ಮೊಟ್ಟೆಗೆ ಅವಸರ, ಅದಕ್ಕೇ ಮರಿಗಳನ್ನು ಓಡಿಸುತ್ತದೆ ಅನ್ನುತ್ತಾರೆ. ನಾನೂ ಅದನ್ನೇ ನಂಬಿದೆ. 17ನೇ ದಿನ ಮುತ್ತನನ್ನು ಹಿಡಿದು ಬೇರೆ ಪಂಜರಕ್ಕೆ ಹಾಕಿದೆ. ಮಾರನೇ ಬೆಳಿಗ್ಗೆ ನೋಡಿದರೆ ಮೂರನೇ ಮರಿಯ ಬೆನ್ನೂ ಬೋಳು. ತಪ್ಪು ಮಾಡದವನಿಗೆ ಶಿಕ್ಷೆ ಕೊಟ್ಟಿದ್ದೆ. ತಕ್ಷಣ ವಾಪಸ್ ಬಿಟ್ಟೆ.

ಮಗಳು ಹೇಳಿದಳು, "ಅಮ್ಮಾ, ನನ್ನ ಹಳೇ ಫೋನ್ ಇಡೋಣ. ರೆಕಾರ್ಡ್ ಆಗ್ಲಿ." ಗೂಡಿನ ಮುಚ್ಚಳದಲ್ಲಿ ಗಾಳಿಗೆಂದು ಕೊರೆದ ತೂತಿನ ಮೇಲೆ ಫೋನ್ ಕವುಚಿ ಇಟ್ಟೆವು. ಕಾಕಟೀಲ್ ಜೋಡಿಯಲ್ಲಿ ಕಾವು ಕೂರುವುದಕ್ಕೆ ಪಾಳಿ ಇದೆ. ಹಗಲು ಹೆಚ್ಚಾಗಿ ಗಂಡು, ರಾತ್ರಿ ಹೆಣ್ಣು. ಬೆಳಗಿನ ವಿಡಿಯೋದಲ್ಲಿ ಬೆಳ್ಳಿ ಕಂಡಳು. ದೊಡ್ಡ ಮರಿಯ ಪಕ್ಕ ಕೂತು ಕತ್ತಿನ ಮುಳ್ಳುಗರಿಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ಸವರುತ್ತಿದ್ದಳು. ಮುಳ್ಳುಗರಿಯ ಮೇಲೆ ತೆಳ್ಳಗೆ ಮೇಣದ ಕಡ್ಡಿಯಂಥ ಹೊದಿಕೆ ಇರುತ್ತದೆ. ಅದನ್ನು ಕಡಿದು ಬಿಡಿಸಿದರೆ ಒಳಗಿನ ಗರಿ ಅರಳುತ್ತದೆ. ಮರಿಗೆ ಕತ್ತಿನ ಹಿಂದೆ ತನ್ನ ಕೊಕ್ಕು ಎಟುಕದ ಕಾರಣ ಅಮ್ಮನೇ ಮಾಡಿಕೊಡಬೇಕು. ಅವಳು ಆ ಕೆಲಸವನ್ನೇ ಮಾಡುತ್ತಿದ್ದಳು. ಎರಡು ಗರಿ ಬಿಡಿಸಿದಳು. ಮೂರನೆಯದನ್ನು ಎಳೆದಳು. ಮರಿ ಚೀರಿತು. ಅವಳು ಕಿತ್ತ ಗರಿಯ ಬುಡವನ್ನು ನಾಲಿಗೆಯಲ್ಲಿ ಹೊರಳಿಸಿ ಜಗಿದು ಬೀಳಿಸಿದಳು. ಆಮೇಲೆ ಅದೇ ಮರಿಗೆ ಗುಟುಕು ಕೊಟ್ಟಳು.

ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವಳಲ್ಲಿ ಸಿಟ್ಟು ಕಾಣಲಿಲ್ಲ. ಮಕ್ಕಳ ತಲೆ ಬಾಚುವ ಕೈ ತಡೆಯಿಲ್ಲದೆ ಮುಂದೆ ಹೋದ ಹಾಗಿತ್ತು. ಅವಳನ್ನು ಪೂರ್ತಿ ದೂರ ಇಡುವುದು ಬೇಡ, ಕೊಕ್ಕಿಗೂ ಬೆನ್ನಿಗೂ ನಡುವೆ ಅಂತರ ಸಿಕ್ಕರೆ ಸಾಕು ಅಂತ ಆಗಲೇ ಅನ್ನಿಸಿತ್ತು.

ಆದರೂ ಮೊದಲು ಸುಲಭದ ದಾರಿ ಹಿಡಿದೆ. 19ನೇ ದಿನ ಬೆಳ್ಳಿಯನ್ನು ಪಕ್ಕದ ಪಂಜರಕ್ಕೆ ಹಾಕಿದೆ. ಈ ವಯಸ್ಸಿನ ಮರಿಗಳನ್ನು ಗಂಡು ಒಂದೇ ಸಾಕಬಲ್ಲದು, ಎಷ್ಟೋ ಮನೆಗಳಲ್ಲಿ ಸಾಕಿಯೂ ಇದೆ. ಮುತ್ತ ಸಾಕಲಿಲ್ಲ. ಅವಳು ಅಲ್ಲಿಂದ ಕೂಗಿದಳು, ಇವನು ಇಲ್ಲಿ ಸರಳಿಗೆ ಜೋತುಬಿದ್ದು ಕೂಗಿದ. ಮಧ್ಯಾಹ್ನದವರೆಗೆ ಗೂಡಿನ ಒಳಗೆ ಹೋಗಲೇ ಇಲ್ಲ. ಮರಿಗಳ ಕತ್ತಿನ ಕೆಳಗಿನ ಕಾಳುಚೀಲ ಮುಟ್ಟಿ ನೋಡಿದರೆ ಚಪ್ಪಟೆ. ಬೆಳ್ಳಿಯನ್ನು ವಾಪಸ್ ಬಿಟ್ಟು, ಆ ಸಂಜೆಯೇ ಕಾಗದ ಪೆನ್ಸಿಲ್ ಹಿಡಿದು ಕೂತೆ.

ಯೋಚನೆ ಇಷ್ಟೇ. ಪಂಜರದ ಪಕ್ಕದ ಗೋಡೆಯಲ್ಲಿ ಒಂದು ಕಿಂಡಿ. ಅದಕ್ಕೆ ಹೊರಗಿನಿಂದ ತೂಗುಹಾಕಿದ ಒಂದು ಪೆಟ್ಟಿಗೆ. ಮರಿಗಳು ಪೆಟ್ಟಿಗೆಯಲ್ಲಿ, ಅಪ್ಪ ಅಮ್ಮ ಪಂಜರದಲ್ಲಿ. ನಡುವೆ ತಡೆ. ತಡೆಯ ಸಂದಿನಲ್ಲಿ ಕೊಕ್ಕು ಹೋಗಬೇಕು, ತಲೆ ಹೋಗಬಾರದು.

ಕಾಕಟೀಲ್ ಗುಟುಕು ಕೊಡುವ ರೀತಿ ಇಲ್ಲಿ ಗೊತ್ತಿರಬೇಕು. ದೊಡ್ಡ ಹಕ್ಕಿ ಮರಿಯ ಕೊಕ್ಕನ್ನು ತನ್ನ ಕೊಕ್ಕಿನಿಂದ ಅಡ್ಡಲಾಗಿ ಕಚ್ಚಿ ಹಿಡಿಯುತ್ತದೆ. ತಲೆಯನ್ನು ಮೇಲೆ ಕೆಳಗೆ ಜೋರಾಗಿ ಕುಲುಕಿ, ಕಾಳುಚೀಲದಿಂದ ಕಾಳು ತಂದು ಹಾಕುತ್ತದೆ. ಮರಿಯೂ ಜೊತೆಗೆ ಕುಲುಕುತ್ತದೆ. ಹೀಗಾಗಿ ಎರಡು ಕೊಕ್ಕೂ ಸೇರಿ ಆಡುವಷ್ಟು ಜಾಗ ಬೇಕು. ಅರ್ಧ ಇಂಚು ಚೌಕದ ಜಾಲರಿ ಆ ಕುಲುಕಾಟಕ್ಕೆ ಸಾಲದು. ಅಡ್ಡ ತಂತಿ ಇರಲೇಬಾರದು, ನೇರ ಕಡ್ಡಿಗಳೇ ಬೇಕು. ಇದು ನನಗೆ ಮೊದಲ ದಿನ ಹೊಳೆಯಲಿಲ್ಲ. ಹೊಳೆದದ್ದು ಒಂದು ಅನಾಹುತ ಆದ ಮೇಲೆ.

ಪೆಟ್ಟಿಗೆಗೆ ನಮ್ಮ ಬೀದಿಯ ಬಡಗಿಯವರ ಹತ್ತಿರ ಸಿಲ್ವರ್ ಓಕ್ ಹಲಗೆಯ ತುಂಡು ಸಿಕ್ಕಿತು. ಮುಕ್ಕಾಲು ಇಂಚು ದಪ್ಪ, ಪಾಲಿಶ್ ಇಲ್ಲ, ಔಷಧಿ ಹೊಡೆದದ್ದಲ್ಲ. ಮಲೆನಾಡಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಈ ಮರದ ತವರು ಆಸ್ಟ್ರೇಲಿಯಾ. ಕಾಕಟೀಲ್ ತವರೂ ಅದೇ. ಅಲ್ಲಿನ ಒಣ ಬಯಲಿನಲ್ಲಿ ಇವು ನೀರಿನ ಹತ್ತಿರದ ಮರಗಳ ಪೊಟರೆಯಲ್ಲಿ ಗೂಡು ಮಾಡುತ್ತವೆ. ಎರಡೂ ಬಂದು ಸೇರಿದ್ದು ನಮ್ಮ ಮನೆಯ ಜಗುಲಿಯಲ್ಲಿ. ಹಲಗೆ ಕೊಯ್ಯುವಾಗ ಅದನ್ನು ನೆನೆದು ಖುಷಿಯಾಯಿತು.

ಒಳ ಅಳತೆ 12 ಇಂಚು ಅಗಲ, 12 ಇಂಚು ಆಳ, 11 ಇಂಚು ಎತ್ತರ. ಅವರ ಹಳೆಯ ಗೂಡು 9 ಇಂಚು ಚೌಕದ್ದು. ನಾಲ್ಕು ಮರಿ, ಜೊತೆಗೆ ಒಂದು ದೊಡ್ಡ ಹಕ್ಕಿಗೆ ಅದು ಬಹಳ ಇಕ್ಕಟ್ಟು. ಇಕ್ಕಟ್ಟಿನ ಗೂಡಿನಲ್ಲಿ ಗರಿ ಕೀಳುವ ಚಟ ಬೇಗ ಹತ್ತುತ್ತದೆ. ಇದು ನನ್ನ ಕಡೆಯಿಂದ ಆದ ತಪ್ಪು. ಗೂಡು ತರುವಾಗಲೇ 12 ಇಂಚಿನದು ತರಬೇಕಿತ್ತು.

ತಳಕ್ಕೆ ಗಟ್ಟಿ ಹಲಗೆಯೇ ಬೇಕು, ಜಾಲರಿ ಬೇಡ. ಜಾರುವ ತಳದಲ್ಲಿ ಮರಿಗಳ ಕಾಲು ಎರಡು ಕಡೆಗೆ ಅಗಲಿ ಹಾಗೇ ಸೊಟ್ಟಗೆ ಬೆಳೆಯುತ್ತವೆ. ಬಡಗಿಯವರು ಹತ್ತರಿ ಹೊಡೆಯುವಾಗ ಬೀಳುವ ಸುರುಳಿ ಸಿಪ್ಪೆಯನ್ನು ಒಂದು ಚೀಲ ತಂದು, ಜರಡಿ ಹಿಡಿದು ಧೂಳು ತೆಗೆದು, ಎರಡು ಇಂಚು ಹಾಸಿದೆ. ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತದೆ. ಮೇಲೆ ಕೀಲು ಹಾಕಿದ ಮುಚ್ಚಳ. ಹಿಂದಿನ ಹಲಗೆಯಲ್ಲಿ ಗಾಳಿಗೆ ಆರು ತೂತು.

ಮುಂಭಾಗಕ್ಕೆ ಮೊದಲು ಹಾಕಿದ್ದು ಒಂದು ಇಂಚು ಚೌಕದ ವೆಲ್ಡ್ ಮೆಶ್. ಮನೆಯಲ್ಲೇ ಉಳಿದದ್ದು ಇತ್ತು. ಸತು ಲೇಪಿಸಿದ ಜಾಲರಿ ಹಕ್ಕಿಗೆ ವಿಷ, ಹಕ್ಕಿ ಕಚ್ಚಿ ಕಚ್ಚಿ ಸತು ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ವಿನೆಗರ್ ಹಾಕಿ ಉಜ್ಜಿ, ತೊಳೆದು, ಒಣಗಿಸಿದೆ. 20ನೇ ದಿನ ಸಂಜೆ ದೊಡ್ಡ ಮೂರು ಮರಿಗಳನ್ನು ಒಳಗೆ ಬಿಟ್ಟೆ. ಮುತ್ತ ಅರ್ಧ ಗಂಟೆಯಲ್ಲಿ ಬಂದ. ಹಸಿದ ಮರಿಗಳ ಕಿರುಚಾಟ ಅವನನ್ನು ಎಳೆದು ತಂದಿತು. ಜಾಲರಿಯ ಕಣ್ಣಲ್ಲಿ ಕೊಕ್ಕು ತೂರಿಸಿ ಗುಟುಕು ಕೊಟ್ಟ. ಮಗಳೂ ನಾನೂ ಸದ್ದಿಲ್ಲದೆ ಕೈ ಹಿಡಿದುಕೊಂಡು ನಿಂತು ನೋಡಿದೆವು.

ಮಾರನೇ ದಿನ ಎಂಟು ಗಂಟೆಗೆ ಅಡುಗೆಮನೆಯಲ್ಲಿದ್ದೆ. ಗುಟುಕಿಗೆ ಕೂಗುವ ಸದ್ದು ಬೇರೆ, ಇದು ಬೇರೆ. ಓಡಿ ಬಂದೆ. ಎರಡನೇ ಮರಿ ಗುಟುಕಿನ ಆಸೆಗೆ ಮುಂದೆ ನುಗ್ಗಿ, ತಲೆ ಪೂರ್ತಿ ಜಾಲರಿಯ ಕಣ್ಣಿನಿಂದ ಆಚೆ ಹೋಗಿತ್ತು. ಹಿಂದೆ ಎಳೆದುಕೊಳ್ಳಲು ದವಡೆ ಅಡ್ಡ ಬರುತ್ತಿತ್ತು. ಹೊರಗೆ ಬಂದ ತಲೆಯ ಮುಂದೆ ಬೆಳ್ಳಿ ಕೂತಿದ್ದಳು. ಜುಟ್ಟಿನ ಎರಡು ಗರಿ ಆಗಲೇ ಹೋಗಿದ್ದವು. ಕೈಯಿಂದ ತಲೆ ಹಿಂದಕ್ಕೆ ತಳ್ಳಿದರೆ ಕತ್ತು ಮುರಿದೀತು ಅಂತ ಭಯ. ಕಟಿಂಗ್ ಪ್ಲೇಯರ್ ತಂದು ಎರಡು ತಂತಿ ಕತ್ತರಿಸಿ ಬಿಡಿಸಿದೆ. ಮರಿ ಅಂಗೈಯಲ್ಲಿ ಬಾಯಿ ತೆರೆದು ಉಸಿರಾಡುತ್ತಿತ್ತು. ಹತ್ತು ನಿಮಿಷದ ನಂತರ ಸುಧಾರಿಸಿಕೊಂಡಿತು. ಯಾರೂ ಒಂದು ಇಂಚಿನ ಜಾಲರಿ ಹಾಕಬೇಡಿ. ಕಾಕಟೀಲ್ ತಲೆ ಅದರಲ್ಲಿ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಸಂದು ಅರ್ಧ ಇಂಚಿಗಿಂತ ಕೊಂಚ ಹೆಚ್ಚು ಇರಬೇಕು. ನೇರ ಕಡ್ಡಿ ಬೇಕು. ತುಕ್ಕು ಹಿಡಿಯಬಾರದು, ಸತು ಇರಬಾರದು, ಹಕ್ಕಿ ಬಗ್ಗಿಸಬಾರದು. ಅಂಥ ಕಡ್ಡಿ ಎಲ್ಲಿ ಸಿಗುತ್ತದೆ ಅಂತ ಯೋಚಿಸುತ್ತಾ ಮಗಳ ಸೈಕಲ್ ಪಕ್ಕ ನಿಂತಿದ್ದೆ. ಉತ್ತರ ಚಕ್ರದಲ್ಲೇ ಇತ್ತು.

ಸೈಕಲ್ ಅಂಗಡಿಯಲ್ಲಿ ಕೇಳಿದೆ, "ಅಣ್ಣ, ಸ್ಟೇನ್‌ಲೆಸ್ ಕಡ್ಡಿ 20 ಬೇಕಿತ್ತು, ನಿಪ್ಪಲ್ ಸಮೇತ."

"ಯಾವ ಚಕ್ರಕ್ಕೆ ಅಕ್ಕ?"

"ಚಕ್ರಕ್ಕಲ್ಲ, ಹಕ್ಕಿಗೆ."

ಅವರು ಎದ್ದು ಬಂದು ಪೂರ್ತಿ ವಿಷಯ ಕೇಳಿದರು. 26 ಇಂಚು ಚಕ್ರದ ಕಡ್ಡಿ ಎರಡು ಮಿಲಿಮೀಟರ್ ದಪ್ಪ, ಸುಮಾರು ಹತ್ತೂವರೆ ಇಂಚು ಉದ್ದ. ಒಂದು ತುದಿಯಲ್ಲಿ ಬಗ್ಗಿಸಿದ ತಲೆ, ಇನ್ನೊಂದು ತುದಿಯಲ್ಲಿ ಮರೆ, ಅಂದರೆ ನಿಪ್ಪಲ್ ಎಂಬ ಪುಟ್ಟ ನಟ್ ತಿರುಗಿ ಕೂರುವ ಸುರುಳಿ ಗೆರೆ. ಕತ್ತರಿಸಿದರೆ ಒಂದೋ ತಲೆ ಹೋಗುತ್ತದೆ, ಇಲ್ಲ ಮರೆ ಹೋಗುತ್ತದೆ. ಹಾಗಾಗಿ ಕಡ್ಡಿಯ ಉದ್ದಕ್ಕೇ ಚೌಕಟ್ಟು ಹೊಂದಿಸು ಎಂದರು. ಒಳ್ಳೆಯ ಮಾತು.

22ನೇ ದಿನ ಇಡೀ ಅದೇ ಕೆಲಸ. ಒಂದು ಇಂಚು ಚೌಕದ ಎರಡು ರೀಪು, ಮೇಲೊಂದು ಕೆಳಗೊಂದು. ಎರಡನ್ನೂ ಜೋಡಿಸಿ ಬಿಗಿಯಾಗಿ ಕಟ್ಟಿ, ಒಟ್ಟಿಗೇ ತೂತು ಕೊರೆದೆ. ಬೇರೆ ಬೇರೆ ಕೊರೆದರೆ ಸಾಲು ತಪ್ಪುತ್ತದೆ. ತೂತಿನ ಮಧ್ಯದಿಂದ ಮಧ್ಯಕ್ಕೆ 16 ಮಿಲಿಮೀಟರ್. ಕಡ್ಡಿಯ ದಪ್ಪ ಕಳೆದರೆ 14 ಮಿಲಿಮೀಟರ್ ಸಂದು. ಒಟ್ಟು 15 ಕಡ್ಡಿ ಹಿಡಿಸಿದವು. ಕಡ್ಡಿಯ ತಲೆ ಮೇಲಿನ ರೀಪಿನ ಮೇಲೆ ಕೂರುತ್ತದೆ, ಕೆಳಗಿನ ರೀಪಿನಿಂದ ಆಚೆ ಬಂದ ಮರೆಗೆ ಪುಟ್ಟ ವಾಷರ್, ನಿಪ್ಪಲ್. ಚೂಪು ತುದಿ ಎಲ್ಲೂ ಹಕ್ಕಿಗೆ ಸಿಗದ ಹಾಗೆ ಕೆಳಗೆ ಒಂದು ಪಟ್ಟಿ ಹೊಡೆದೆ. ಕಿಂಡಿಗೆ ಆರು ಇಂಚು ಎತ್ತರ ಸಾಕು, ಮೇಲೆ ಉಳಿದದ್ದಕ್ಕೆ ತೆಳು ಹಲಗೆ ಮುಚ್ಚಿದೆ. ಒಳಗೆ ಮರಿಗಳಿಗೆ ಗೂಡಿನಂಥ ಮಬ್ಬು ಬೇಕಾಗುತ್ತದೆ.

ಕಡ್ಡಿ ಬಿಗಿ ಮಾಡುವುದನ್ನು ಕೊಂಚ ವಿವರವಾಗಿ ಹೇಳಬೇಕು. ಇಷ್ಟು ಉದ್ದದ ಎರಡು ಮಿಲಿಮೀಟರ್ ಕಡ್ಡಿ ಸುಮ್ನೆ ನಿಲ್ಲಿಸಿದರೆ ನಡುವೆ ಬಳುಕುತ್ತದೆ. ಬೆಳ್ಳಿ ಮೊದಲ ಗಂಟೆಯಲ್ಲೇ ಎರಡು ಕಡ್ಡಿಯ ನಡುವೆ ಕೊಕ್ಕು ಹಾಕಿ ಹಿಗ್ಗಿಸಿದಳು. ಸಂದು 18ಕ್ಕೆ ಹೋಯಿತು. ನಿಪ್ಪಲ್ ತಿರುವುವ ಚಾವಿ ಎರವಲು ತಂದೆ. ಸೈಕಲ್ ಅಂಗಡಿಯ ಅಣ್ಣ ಹೇಳಿಕೊಟ್ಟ ಹಾಗೆ ಪ್ರತಿ ಕಡ್ಡಿಯನ್ನೂ ಉಗುರಿನಿಂದ ಮೀಟಿ ಕಿವಿ ಇಟ್ಟೆ. ಸಡಿಲ ಇದ್ದದ್ದು ಡಬ್ ಅನ್ನುತ್ತದೆ. ಕಾಲು ಸುತ್ತು ತಿರುವಿದರೆ ದನಿ ಏರುತ್ತದೆ. ಹದಿನೈದೂ ಒಂದೇ ಸಮ ಟಿಣ್ ಅನ್ನುವವರೆಗೆ ತಿರುವಿದೆ. ಮಧ್ಯದಲ್ಲಿ ಬೆರಳು ಒತ್ತಿದರೆ ಆಮೇಲೆ ಅಲುಗಲಿಲ್ಲ. ಜಾಸ್ತಿ ಬಿಗಿದರೆ ರೀಪು ಬಾಗುತ್ತದೆ, ಅದನ್ನೂ ನೋಡಿಕೊಳ್ಳಬೇಕು. ನನ್ನ ಮೇಲಿನ ರೀಪು ಒಂದು ಕಾಳಿನಷ್ಟು ಬಾಗಿತು. ಅಲ್ಲಿಗೆ ನಿಲ್ಲಿಸಿ, ಮೇಲಿನ ಹಲಗೆಗೆ ಎರಡು ಸ್ಕ್ರೂ ಹೆಚ್ಚು ಹಾಕಿದೆ.

ಪಂಜರದ ಒಳಗೆ, ಕಿಂಡಿಯ ಕೆಳಗೆ, ಪೇರಲೆ ಕೊಂಬೆಯ ಕೂರುಗೋಲು ಕಟ್ಟಿದೆ. ಅಪ್ಪ ಅಮ್ಮ ಅದರ ಮೇಲೆ ನಿಂತರೆ ಮುಖ ನೇರ ಕಿಂಡಿಗೆ ಬರುತ್ತದೆ.

ಗುಟುಕು ಚೆನ್ನಾಗಿ ನಡೆಯಿತು. ಎರಡು ದಿನ ನಿರಾಳ. 24ನೇ ದಿನ ಮತ್ತೆ ಕೂರುಗೋಲಿನ ಕೆಳಗೆ ನಾಲ್ಕು ಗರಿ. ಫೋನ್ ಇಟ್ಟು ನೋಡಿದೆ. ಹೊಟ್ಟೆ ತುಂಬಿದ ಮರಿಗಳು ಕಡ್ಡಿಗಳಿಗೇ ಬೆನ್ನು ಆನಿಸಿ ಮಲಗುತ್ತಿದ್ದವು. ಬೆಳ್ಳಿ ಆಚೆಯಿಂದ ಬಂದು ಸಂದಿನಲ್ಲಿ ಕೊಕ್ಕು ಹಾಕುತ್ತಿದ್ದಳು. ತಡೆ ಇತ್ತು, ಅಂತರ ಇರಲಿಲ್ಲ.

ಅವತ್ತು ಮಾಡಿದ ಬದಲಾವಣೆಯೇ ಇಡೀ ಪೆಟ್ಟಿಗೆಯ ಜೀವ. ಕಡ್ಡಿಗಳಿಂದ ಎರಡು ಇಂಚು ಒಳಗೆ, ಪೆಟ್ಟಿಗೆಯ ಅಗಲಕ್ಕೂ, ಮೂರೂವರೆ ಇಂಚು ಎತ್ತರದ ಒಂದು ಪಟ್ಟಿ ನಿಲ್ಲಿಸಿದೆ. ಎರಡು ಇಂಚು ಹೊಟ್ಟಿನಲ್ಲೇ ಹೂತುಹೋಗುತ್ತದೆ, ಮೇಲೆ ಕಾಣುವುದು ಒಂದೂವರೆ ಇಂಚು. ಆ ಪಟ್ಟಿಯ ತುದಿಯಿಂದ ಕಡ್ಡಿಯ ಬುಡಕ್ಕೆ ಇಳಿಜಾರಾಗಿ ನುಣ್ಣನೆಯ ಹಲಗೆ. ಮರಿ ಆ ಇಳಿಜಾರಿನಲ್ಲಿ ಕೂರಲಾರದು, ಜಾರುತ್ತದೆ. ಪಟ್ಟಿಯ ಈಚೆ ನಿಂತು ಕತ್ತು ಚಾಚಿದರೆ ಕೊಕ್ಕು ಮಾತ್ರ ಕಡ್ಡಿಯಿಂದ ಆಚೆ ಹೋಗುತ್ತದೆ. ಕತ್ತಿನ ಹಿಂಭಾಗ ಒಳಗೇ ಉಳಿಯುತ್ತದೆ. ಬೆನ್ನಂತೂ ಬಹಳ ದೂರ. ಚೆಲ್ಲಿದ ಕಾಳು ಇಳಿಜಾರಿನಲ್ಲಿ ಜಾರಿ ಪಂಜರಕ್ಕೆ ಬೀಳುತ್ತದೆ, ಹೊಟ್ಟು ಒದ್ದೆಯಾಗುವುದಿಲ್ಲ. ಇಳಿಜಾರಿನ ಹಲಗೆಗೆ ನಾನು ಹಳೆಯ ಸ್ಟೀಲ್ ಪಟ್ಟಿ ಹೊದಿಸಿ ಅಂಚನ್ನು ಮಡಚಿದೆ, ಒರೆಸಲು ಸುಲಭ.

ಆಮೇಲೆ ಕೂರುಗೋಲಿನ ಕೆಳಗೆ ಕಿತ್ತ ಗರಿ ಕಾಣಲಿಲ್ಲ.

ಚಿಕ್ಕ ಮರಿಯದು ಬೇರೆ ಕಥೆ. ದೊಡ್ಡವು ಪೆಟ್ಟಿಗೆಗೆ ಹೋದಾಗ ಅದಕ್ಕಿನ್ನೂ 14 ದಿನ. ಒಂದೇ ಇದ್ದ ಕಾರಣ ಅಮ್ಮನ ಕಾವು ಬೇಕಿತ್ತು, ಹಳೆಯ ಗೂಡಿನಲ್ಲೇ ಬಿಟ್ಟಿದ್ದೆ. 23ನೇ ದಿನ ಅದರ ಬೆನ್ನಿಗೂ ಕೊಕ್ಕು ಬಿತ್ತು. ಅದನ್ನೂ ಪೆಟ್ಟಿಗೆಗೆ ಹಾಕಿದೆ, ಅಣ್ಣಂದಿರ ಮೈ ಬಿಸಿ ಸಿಕ್ಕಿತು. ಆದರೆ ಅದು ಪಟ್ಟಿಯವರೆಗೆ ನಡೆದು ಬಂದು ಜಗಳ ಮಾಡಿ ಗುಟುಕು ಪಡೆಯುವಷ್ಟು ಗಟ್ಟಿ ಇರಲಿಲ್ಲ. ಆರು ದಿನ ನಾನೇ ಸಿರಿಂಜಿನಲ್ಲಿ ತಿನ್ನಿಸಿದೆ. ಹಕ್ಕಿ ಮರಿಗಳಿಗೆಂದೇ ಸಿಗುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಥರ್ಮಾಮೀಟರ್ ಅದ್ದಿ, 39ರಿಂದ 40 ಡಿಗ್ರಿಗೆ ಇಳಿದ ಮೇಲೆ ಕೊಡಬೇಕು. ತಣ್ಣಗಿದ್ದರೆ ಚೀಲದಲ್ಲಿ ಜೀರ್ಣವಾಗದೆ ಹುಳಿಯುತ್ತದೆ. 43 ದಾಟಿದರೆ ಚೀಲ ಸುಟ್ಟು ತೂತೇ ಬೀಳಬಹುದು. ಕೈ ಮೇಲೆ ಹನಿ ಬಿಟ್ಟು ನೋಡಿದರೆ ಸಾಕು ಅನ್ನುವವರ ಮಾತು ಕೇಳಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ. ಸಿರಿಂಜ್ ಮರಿಯ ಎಡಬದಿಯಿಂದ ಬಲಕ್ಕೆ ಹೋಗಬೇಕು. ಒಂದು ಸಲಕ್ಕೆ ಮೈತೂಕದ ಹತ್ತನೇ ಒಂದು ಭಾಗ. 52 ಗ್ರಾಂ ಮರಿಗೆ ಐದು ಮಿಲಿಲೀಟರ್.

ರಾತ್ರಿ ಚಳಿಗೆ ಬಲ್ಬ್ ನಂಬಿಕೊಳ್ಳುವ ಹಾಗಿರಲಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಎರಡು ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಟವೆಲ್ ಸುತ್ತಿ, ಪೆಟ್ಟಿಗೆಯ ಎರಡು ಮೂಲೆಯಲ್ಲಿ ಇಡುತ್ತಿದ್ದೆ. ಒಳಗಿನ ಶಾಖ 28ರಿಂದ 30 ಡಿಗ್ರಿ ಇರುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಮ್ಮೆ ನೀರು ಬದಲಿಸುತ್ತಿದ್ದೆ. ಬಿಸಿ ಹೆಚ್ಚಾದರೆ ಮರಿಗಳು ಬಾಯಿ ತೆರೆದು ದೂರ ದೂರ ಮಲಗುತ್ತವೆ. ಕಡಿಮೆಯಾದರೆ ಒಂದರ ಮೇಲೊಂದು ರಾಶಿ ಬೀಳುತ್ತವೆ. ನಾಲ್ಕೂ ಪಕ್ಕಪಕ್ಕ ತಲೆ ತಗ್ಗಿಸಿ ಮಲಗಿದ್ದರೆ ಸರಿ ಇದೆ ಅಂತ ಅರ್ಥ.

ತೂಕ ದಿನಾ ಬೆಳಿಗ್ಗೆ, ಗುಟುಕಿಗೆ ಮೊದಲು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ. ದೊಡ್ಡ ಮರಿ 20ರಂದು 78 ಗ್ರಾಂ, 22ರಂದು 74ಕ್ಕೆ ಇಳಿಯಿತು. ನನ್ನ ಪ್ರಯೋಗಗಳ ಬೆಲೆ ಅದು. 25ರಂದು 80, 29ರಂದು 88. ಆಮೇಲೆ ಕೊಂಚ ಇಳಿಯಿತು, ಅದಕ್ಕೆ ಗಾಬರಿ ಆಗಲಿಲ್ಲ. ಹಾರುವ ಮೊದಲು ಕಾಕಟೀಲ್ ಮರಿಗಳ ಮೈ ಇಳಿಯುವುದು ಸಹಜ.

ಇದೆಲ್ಲ ಮರಿಗಳ ಕಡೆಯ ಕೆಲಸ. ಬೆಳ್ಳಿಯ ಕಡೆಯೂ ನೋಡಬೇಕಲ್ಲ. ಅವಳಿಗೆ ಇಷ್ಟು ದಿನ ನಾನು ಹಾಕುತ್ತಿದ್ದದ್ದು ನವಣೆ, ಸಜ್ಜೆ, ಸೂರ್ಯಕಾಂತಿ ಬೀಜ. ನಾಲ್ಕು ಮರಿಗಳಿಗೆ ತಾನು ತಿಂದದ್ದನ್ನೇ ಕೊಡುವ ತಾಯಿಗೆ ಬರೀ ಒಣಕಾಳು ಸಾಲುವುದಿಲ್ಲ. ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಬೆಳಿಗ್ಗೆ ಕೊಟ್ಟೆ. ಮೊಳಕೆ ಹೆಸರುಕಾಳು, ನುಗ್ಗೆಸೊಪ್ಪು, ಎಳೆ ಮೆಕ್ಕೆಜೋಳ ಸೇರಿಸಿದೆ. ಸುಣ್ಣದ ಅಂಶಕ್ಕೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆ, ಹಕ್ಕಿ ಅಂಗಡಿಯವರು ಕಟಲ್ ಬೋನ್ ಅಂತ ಮಾರುವುದೂ ಇದನ್ನೇ. ಒಂದು ಎಚ್ಚರಿಕೆ, ಬೆಣ್ಣೆಹಣ್ಣನ್ನು ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅದು ಹಕ್ಕಿಗಳ ಜೀವ ತೆಗೆಯುತ್ತದೆ.

ಅವಳ ಕೊಕ್ಕಿಗೂ ಕೆಲಸ ಬೇಕಿತ್ತು. ಜೋಳದ ತೆನೆಯ ಹಸಿರು ಸಿಪ್ಪೆಯನ್ನು ಸೀಳಿ ಜಡೆ ಹೆಣೆದು ಕಿಂಡಿಯ ಎರಡೂ ಪಕ್ಕ ಕಟ್ಟಿದೆ. ತೆಂಗಿನ ಗರಿಯ ತುಂಡುಗಳನ್ನೂ ಸಿಕ್ಕಿಸಿದೆ. ಮೊದಲ ದಿನ ಮೂಸಿ ನೋಡಿದಳು. ಮೂರನೇ ದಿನದಿಂದ ಕಡ್ಡಿಯ ಹತ್ತಿರ ಬಂದು, ಮರಿ ಎಟುಕದಿದ್ದಾಗ, ತಿರುಗಿ ಆ ಜಡೆಯನ್ನು ಎಳೆ ಎಳೆಯಾಗಿ ಸೀಳತೊಡಗಿದಳು. ದಿನಕ್ಕೆ ಎರಡು ಜಡೆ ಖಾಲಿ.

ಇನ್ನೊಂದು ಗೂಡು ಕಟ್ಟಿದರೆ ಅವಳು ಅಲ್ಲಿಗೆ ಹೋಗುತ್ತಾಳೆ, ಮರಿಗಳನ್ನು ಬಿಡುತ್ತಾಳೆ ಅಂತ ಕೆಲವರು ಸಲಹೆ ಕೊಟ್ಟರು. ಹಾಗೆ ಮಾಡುವವರಿದ್ದಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಗೂಡು ಕಂಡರೆ ಮತ್ತೆ ಮೊಟ್ಟೆ ಇಡುತ್ತಾಳೆ. ಆಗಲೇ ಸೊರಗಿದ ಮೈ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸುವುದು ಹೆಣ್ಣಿನ ಮೂಳೆಯಲ್ಲಿರುವ ಸುಣ್ಣವನ್ನೇ ಹಿಂಡಿದ ಹಾಗೆ. ಹಳೆಯ ಗೂಡನ್ನೂ 24ನೇ ದಿನವೇ ಇಳಿಸಿ, ಆ ತೂತಿಗೆ ಹಲಗೆ ಹೊಡೆದೆ. ಸಂಜೆ ಆರೂವರೆಗೆ ಪಂಜರಕ್ಕೆ ಬಟ್ಟೆ ಮುಚ್ಚಿ ಕತ್ತಲು ಮಾಡಿದೆ. ಹಗಲು ಕಡಿಮೆಯಾದರೆ ಮೊಟ್ಟೆಯ ಆಸೆಯೂ ಕಡಿಮೆಯಾಗುತ್ತದೆ.

ಕಿತ್ತ ಗರಿ ಮತ್ತೆ ಬರುತ್ತದಾ ಅಂತ ಮಗಳು ದಿನಾ ಕೇಳುತ್ತಿದ್ದಳು. ಬುಡಸಮೇತ ಕಿತ್ತದ್ದು ಬೇಗ ಬರುತ್ತದೆ, ಚರ್ಮ ತಕ್ಷಣ ಹೊಸದನ್ನು ಶುರು ಮಾಡುತ್ತದೆ. ಅರ್ಧಕ್ಕೆ ಕತ್ತರಿಸಿದ್ದು ಮಾತ್ರ ಮುಂದಿನ ಸಲ ಗರಿ ಉದುರುವವರೆಗೆ ಹಾಗೇ ಇರುತ್ತದೆ. 31ನೇ ದಿನ ದೊಡ್ಡ ಮರಿಯ ಬೆನ್ನು ಸವರಿದೆ. ಒರಟಾದ ಬಟ್ಟೆ ಮುಟ್ಟಿದ ಹಾಗಾಯಿತು. ಬೆಳಕಿಗೆ ಹಿಡಿದರೆ ಚರ್ಮದ ಅಡಿಯಿಂದ ಎಳ್ಳಿನ ಗಾತ್ರದ ಬೂದು ಮೊನೆಗಳು ಸಾಲಾಗಿ ಮೇಲೆ ಬರುತ್ತಿದ್ದವು. ಮಗಳನ್ನು ಕರೆದು ಅವಳ ಬೆರಳು ಅದರ ಮೇಲೆ ಇಟ್ಟೆ.

34ನೇ ದಿನ ಮುಚ್ಚಳ ತೆಗೆದಾಗ ದೊಡ್ಡದು ಅಂಚಿಗೆ ಹತ್ತಿ, ಅಲ್ಲಿಂದ ನನ್ನ ಭುಜಕ್ಕೆ ಹಾರಿತು. ಅಂದಿನಿಂದ ಒಂದೊಂದಾಗಿ ಪಕ್ಕದ ದೊಡ್ಡ ಪಂಜರಕ್ಕೆ ಕಳಿಸಿದೆ, ಜೊತೆಗೆ ಮುತ್ತನನ್ನೂ. ಈ ಸಲ ಅವನು ಬೆಳ್ಳಿಗಾಗಿ ಅಳಲಿಲ್ಲ. ಎರಡೂ ಪಂಜರವನ್ನು ಗೋಡೆಗೆ ಗೋಡೆ ಅಂಟಿಸಿ ಇಟ್ಟಿದ್ದೆ, ರಾತ್ರಿ ಇಬ್ಬರೂ ಸರಳಿನ ಎರಡು ಕಡೆ ಒಂದೇ ಜಾಗದಲ್ಲಿ ಮಲಗುತ್ತಿದ್ದರು. ಮರಿಗಳು ತಾವೇ ಕಾಳು ಒಡೆದು ತಿನ್ನಲು ಎಂಟು ವಾರ ಹಿಡಿಯಿತು. ಚಿಕ್ಕದು ಒಂಬತ್ತನೇ ವಾರದವರೆಗೂ ಅಪ್ಪನ ಹಿಂದೆಯೇ ಕೂಗುತ್ತಾ ಓಡಾಡಿತು.

ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲು ಬಂದ ದಿನ ಒಣಗಿಸಿ, ನಿಪ್ಪಲ್ ಅರ್ಧ ಸುತ್ತು ಸಡಿಲ ಮಾಡಿ ಅಟ್ಟಕ್ಕೆ ಹಾಕಿದ್ದೇನೆ. ಇನ್ನೊಮ್ಮೆ ಮಾಡಿದರೆ ರೀಪನ್ನು ಒಂದೂವರೆ ಇಂಚು ದಪ್ಪದ್ದು ಹಾಕುತ್ತೇನೆ, ಇಳಿಜಾರನ್ನು ಮೊದಲ ದಿನವೇ ಕೂರಿಸುತ್ತೇನೆ.

ಲುಟಿನೋ ಮರಿಯ ಜುಟ್ಟಿನ ಹಿಂದಿನ ಬೋಳು ಹಾಗೇ ಇದೆ, ಅದು ಇರುವಂಥದ್ದೇ. ಬೆನ್ನು ಮಾತ್ರ ಈಗ ತುಂಬಿದೆ. ಚಿಕ್ಕದರ ಕತ್ತಿನ ಮೇಲೆ ಕೊನೆಯ ಮುಳ್ಳುಗರಿಗಳು ಇನ್ನೂ ಹೊದಿಕೆ ಬಿಟ್ಟಿರಲಿಲ್ಲ. ಮೊನ್ನೆ ಮಧ್ಯಾಹ್ನ ಅದು ಸರಳಿನ ಹತ್ತಿರ ಹೋಗಿ, ಬೆಳ್ಳಿಯ ಕಡೆ ತಲೆ ತಗ್ಗಿಸಿ ನಿಂತಿತು. ನಾನು ಎದ್ದು ನಿಂತೆ. ಅವಳು ಸಂದಿನಲ್ಲಿ ಕೊಕ್ಕು ತೂರಿಸಿ ಒಂದು ಗರಿ ಹಿಡಿದಳು. ಬುಡದಿಂದ ತುದಿಯವರೆಗೆ ಮೆಲ್ಲಗೆ ಕಡಿದಳು. ಬಿಳಿ ಪುಡಿ ಉದುರಿತು, ಒಳಗಿನ ಗರಿ ಬಿಚ್ಚಿಕೊಂಡಿತು. ಇನ್ನೊಂದು ಹಿಡಿದಳು. ನಾನು ಎಣಿಸುತ್ತಾ ನಿಂತಿದ್ದೆ. ಹನ್ನೊಂದು ಗರಿ ಬಿಡಿಸಿದಳು, ಒಂದನ್ನೂ ಕೀಳಲಿಲ್ಲ. ಮರಿ ಕಣ್ಣು ಮುಚ್ಚಿಕೊಂಡೇ ಇತ್ತು.